ಪ್ರೊಜೆಕ್ಟರ್‌ಗೆ ಬೆನ್ನು ಮಾಡಿ ನಿಂತ ಮೇಲೆ ಕಂಡದ್ದು

ಶಿಕ್ಷಕ ತರಬೇತಿಯ ಅಭ್ಯಾಸ ಬೋಧನೆಯ ಮೊದಲ ವಾರ ದಶಮಾಂಶದ ಒಂದು ಪಾಠಕ್ಕೆ 34 ಸ್ಲೈಡ್ ಮಾಡಿಕೊಂಡು ಹೋಗಿದ್ದೆ. ಇರುವುದು ಒಂದೇ ಪೀರಿಯಡ್. ಹಿಂದಿನ ರಾತ್ರಿ ನಿದ್ದೆಗೆಟ್ಟು ಪ್ರತಿ ಅಂಕಿಗೂ ಒಂದು ಬಣ್ಣ ಹಾಕಿದ್ದೆ, ಪ್ರತಿ ಸಾಲೂ ಹಾರಿಕೊಂಡು ಬರುವ ಹಾಗೆ ಮಾಡಿದ್ದೆ. ಏಳನೇ ತರಗತಿಯ ಮಕ್ಕಳು ಸದ್ದಿಲ್ಲದೆ ಕೂತು ನೋಡಿದರು. ಪಾಠ ಚೆನ್ನಾಗಿ ಆಯಿತು ಅಂತಲೇ ನನಗೆ ಅನಿಸಿತ್ತು.

ಕೊನೆಯ ಬೆಂಚಿನಲ್ಲಿ ಕೂತು ಪಾಠ ಗಮನಿಸುತ್ತಿದ್ದ ಮಾರ್ಗದರ್ಶಿ ಶಿಕ್ಷಕಿ ಆಮೇಲೆ ಸ್ಟಾಫ್ ರೂಮಿನಲ್ಲಿ ತಮ್ಮ ನೋಟ್‌ಬುಕ್ ತೆರೆದು ನನ್ನ ಮುಂದಿಟ್ಟರು. ಪುಟದ ತುಂಬ ಎರಡೇ ಅಕ್ಷರ, ಪ ಮತ್ತು ಮ. ಪ ಅಂದರೆ ಪರದೆ, ಮ ಅಂದರೆ ಮಕ್ಕಳು. ಅರ್ಧ ನಿಮಿಷಕ್ಕೊಮ್ಮೆ ತಲೆಯೆತ್ತಿ ನನ್ನ ಮುಖ ಯಾವ ಕಡೆ ಇದೆ ಅಂತ ಗುರುತು ಹಾಕಿಕೊಂಡಿದ್ದರು. 40 ನಿಮಿಷಕ್ಕೆ 80 ಗುರುತು. ಅದರಲ್ಲಿ ಮ ಇದ್ದದ್ದು 19.

"ಸ್ಲೈಡ್ ಬಗ್ಗೆ ನಾನೇನೂ ಹೇಳಲ್ಲ. 0.6 ದೊಡ್ಡದೋ 0.45 ದೊಡ್ಡದೋ ಅಂತ ಕೇಳಿದ್ರಲ್ಲ, ಆಗ ಎಷ್ಟು ಮಕ್ಕಳು ಬಾಯಿ ತೆರೆದ್ರು?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದಷ್ಟು ದನಿ ಒಟ್ಟಿಗೆ "0.6" ಅಂದದ್ದು ಕಿವಿಗೆ ಬಿದ್ದಿತ್ತು, ಆ ಹೊತ್ತಿಗೆ ನಾನು ಮುಂದಿನ ಸ್ಲೈಡ್ ಒತ್ತಾಗಿತ್ತು.

ಮೇಡಂ ಕೇಳಿದ ಆ ಪ್ರಶ್ನೆಯನ್ನೇ ಉಳಿದ ವಾರಗಳಲ್ಲಿ ಜರಡಿಯ ಹಾಗೆ ಹಿಡಿದುಕೊಂಡೆ. ಯಾವ ಆ್ಯಪ್ ಇರಲಿ, ಯಾವ ವಿಡಿಯೋ ಇರಲಿ, ಇದನ್ನು ತರಗತಿಗೆ ತಂದರೆ ಮಗುವಿನ ತಲೆಯಲ್ಲಿ ಏನು ನಡೀತಿದೆ ಅನ್ನುವುದು ನನಗೆ ಕಾಣುತ್ತದೋ ಇಲ್ಲವೋ? ಕಾಣದಿದ್ದರೆ ಅದು ಎಷ್ಟು ಚೆಂದ ಇದ್ದರೂ ಪಕ್ಕಕ್ಕಿಟ್ಟೆ.

ಮೊದಲು ಕಡಿಮೆ ಮಾಡಿದ್ದು ಸ್ಲೈಡ್. ಪರದೆಯಲ್ಲಿ ಇರುವುದನ್ನೇ ಅಕ್ಷರಶಃ ಓದಿ ಹೇಳುವುದು ನನ್ನ ದೊಡ್ಡ ಚಾಳಿಯಾಗಿತ್ತು. ಕಲಿಕೆಯ ಮನೋವಿಜ್ಞಾನದಲ್ಲಿ ಜಾನ್ ಸ್ವೆಲ್ಲರ್, ರಿಚರ್ಡ್ ಮೇಯರ್ ಅವರ ಕೆಲಸವನ್ನು ನಾವು ಪರೀಕ್ಷೆಗೆ ಓದಿರುತ್ತೇವೆ. ಒಂದೇ ಮಾತು ಕಣ್ಣಿಗೂ ಕಿವಿಗೂ ಒಟ್ಟಿಗೆ ಬಂದರೆ ಎರಡನ್ನೂ ತಾಳೆ ಹಾಕುವುದರಲ್ಲೇ ತಲೆ ದಣಿಯುತ್ತದೆ, ಕಲಿಯುವುದಕ್ಕೆ ಜಾಗ ಕಡಿಮೆಯಾಗುತ್ತದೆ ಅನ್ನುವುದು ಅದರ ಸಾರ. ಉತ್ತರಪತ್ರಿಕೆಯಲ್ಲಿ ಇದನ್ನು ಬರೆದು ಅಂಕ ತೆಗೆದುಕೊಂಡಿದ್ದವಳೇ ತರಗತಿಯಲ್ಲಿ ನಿಂತು ಅದಕ್ಕೆ ವಿರುದ್ಧವಾಗಿ ಮಾಡುತ್ತಿದ್ದೆ. ಈಗ ಸ್ಲೈಡ್‌ನಲ್ಲಿ ಚಿತ್ರ ಅಥವಾ ಪ್ರಶ್ನೆ ಮಾತ್ರ ಇರುತ್ತದೆ. ಲೆಕ್ಕ ಬಿಡಿಸುವುದು ಕಪ್ಪು ಹಲಗೆಯ ಮೇಲೆ, ಕೈಯಲ್ಲೇ. ಹಾಗೆ ಬಿಡಿಸುವಾಗ ಮುಂದಿನ ಹೆಜ್ಜೆ ಏನಿರಬಹುದು ಅಂತ ಯೋಚಿಸಲು ಮಕ್ಕಳಿಗೆ ಹೊತ್ತು ಸಿಗುತ್ತದೆ.

ಸಣ್ಣ ಎರಡು ಕೀಲಿ ಬಹಳ ಉಪಕಾರ ಮಾಡಿದವು. ಸ್ಲೈಡ್ ಓಡುತ್ತಿರುವಾಗ ಕೀಬೋರ್ಡಿನಲ್ಲಿ ಬಿ ಒತ್ತಿದರೆ ಪರದೆ ಕಪ್ಪಾಗುತ್ತದೆ, ಮಕ್ಕಳ ಕಣ್ಣು ತಾನಾಗಿ ಮಾತಾಡುವವರ ಕಡೆ ತಿರುಗುತ್ತದೆ. ಇನ್ನೊಂದು ವಿಂಡೋಸ್ ಕೀ ಜೊತೆ ಪಿ. ಅಲ್ಲಿ ಡುಪ್ಲಿಕೇಟ್ ಬದಲು ಎಕ್ಸ್‌ಟೆಂಡ್ ಆರಿಸಿಕೊಂಡರೆ ನನ್ನ ಲ್ಯಾಪ್‌ಟಾಪಿನ ಟಿಪ್ಪಣಿ ನನಗೆ ಮಾತ್ರ ಕಾಣುತ್ತದೆ, ಗೋಡೆಯ ಮೇಲೆ ಬೇಕಾದ್ದಷ್ಟೇ ಹೋಗುತ್ತದೆ. ಇದು ತಿಳಿಯುವ ಮೊದಲು ಒಮ್ಮೆ ಪಾಠದ ಮಧ್ಯೆ ಮನೆಯಿಂದ ಬಂದ ಮೆಸೇಜು ಗೋಡೆಯಷ್ಟಗಲ ಮೂಡಿತ್ತು. ಅವತ್ತಿನಿಂದ ತರಗತಿಗೆ ಹೋಗುವ ಮೊದಲು ನೋಟಿಫಿಕೇಶನ್ ಬಂದ್ ಮಾಡುವುದು ಹಾಜರಿ ಪುಸ್ತಕ ತೆಗೆದುಕೊಳ್ಳುವಷ್ಟೇ ಕಡ್ಡಾಯ.

ಮನಸ್ಸಿಗೆ ನಿಜವಾಗಿ ನೋವಾದದ್ದು ಕಂಪ್ಯೂಟರ್ ಲ್ಯಾಬಿನಲ್ಲಿ. ಮಕ್ಕಳಿಗೆ ಆನ್‌ಲೈನಿನಲ್ಲಿ ಕೆಲಸ ಕೊಡುವ ಗೂಗಲ್ ಕ್ಲಾಸ್‌ರೂಮ್‌ನಲ್ಲಿ ಒಂದು ಅಭ್ಯಾಸ ಹಾಳೆ ಹಾಕಿದ್ದೆ. ಅಸೈನ್‌ಮೆಂಟಿಗೆ ಫೈಲ್ ಸೇರಿಸುವಾಗ ಪಕ್ಕದಲ್ಲಿ ಮೂರು ಆಯ್ಕೆ ಇರುತ್ತವೆ. ಮಕ್ಕಳು ಬರೀ ನೋಡಬಹುದು ಅನ್ನುವುದು ಒಂದು, ಎಲ್ಲರೂ ಅದೇ ಫೈಲನ್ನು ತಿದ್ದಬಹುದು ಅನ್ನುವುದು ಇನ್ನೊಂದು, ಪ್ರತಿ ಮಗುವಿಗೂ ಬೇರೆ ಬೇರೆ ಪ್ರತಿ ಅನ್ನುವುದು ಮೂರನೆಯದು. "ಮಕ್ಕಳು ಬರೀಬೇಕಲ್ಲ" ಅಂತ ನಾನು ಎರಡನೆಯದನ್ನು ಒತ್ತಿದೆ. 36 ಮಕ್ಕಳು ಒಂದೇ ಹಾಳೆಯೊಳಗೆ ಬಂದು ಕೂತರು. ಒಬ್ಬರು ಬರೆದದ್ದರ ಮೇಲೆ ಇನ್ನೊಬ್ಬರ ಕರ್ಸರ್. ಯಾರೋ ಪೂರ್ತಿ ಸೆಲೆಕ್ಟ್ ಮಾಡಿ ಅಳಿಸಿದರು, ಕೋಣೆಯಲ್ಲಿ ನಗು ಎದ್ದಿತು. ಮುಂದಿನ ಸಾಲಿನ ಒಬ್ಬ ಹುಡುಗಿ ಮಾತ್ರ ನಗಲಿಲ್ಲ. ಅವಳು ಹತ್ತು ನಿಮಿಷ ಒಂದೊಂದೇ ಬೆರಳಲ್ಲಿ ಟೈಪ್ ಮಾಡಿ ನಾಲ್ಕು ಸಾಲು ವಿವರಣೆ ಬರೆದಿದ್ದಳು. ಕೈ ಕೀಬೋರ್ಡಿನ ಮೇಲೆ ಹಾಗೇ ಇತ್ತು, ಕಣ್ಣು ಖಾಲಿ ಹಾಳೆಯ ಮೇಲೆ.

ಹಳೆಯ ಆವೃತ್ತಿಗಳ ಪಟ್ಟಿ, ಅಂದರೆ ವರ್ಷನ್ ಹಿಸ್ಟರಿ, ಅಂತ ಒಂದಿದೆ ಅನ್ನುವುದು ನನಗೆ ಗೊತ್ತಿತ್ತು, ಆದರೆ ಗಾಬರಿಯಲ್ಲಿ ಹೊಳೆಯಲೇ ಇಲ್ಲ. ಸಂಜೆ ಕೂತು ಹುಡುಕಿದಾಗ ಅವಳ ನಾಲ್ಕೂ ಸಾಲು ಸಿಕ್ಕವು. ಮರುದಿನ ಪ್ರಿಂಟ್ ತೆಗೆದು ಅವಳ ಕೈಗೆ ಕೊಟ್ಟು, "ಹೋಗಿರಲಿಲ್ಲಮ್ಮ, ನಂಗೆ ಹುಡುಕೋಕೆ ಬರ್ಲಿಲ್ಲ, ತಪ್ಪು ನಂದು" ಅಂದೆ. ಅವಳು ಓದಿ ನೋಡಿ, "ಮಿಸ್, ಎರಡನೇ ಸಾಲು ತಪ್ಪಿದೆ, ತಿದ್ಲಾ?" ಅಂದಳು. ನಾನು ಒತ್ತಿದ ಒಂದು ಬಟನ್‌ನಿಂದ ಒಂದು ಮಗುವಿನ ಹತ್ತು ನಿಮಿಷದ ಶ್ರಮ ಮಾಯವಾಗಬಹುದು ಅನ್ನುವ ಎಚ್ಚರ ಅವತ್ತು ಬಂದದ್ದು ಇನ್ನೂ ಹೋಗಿಲ್ಲ. ಈಗ ಯಾವ ಫೈಲ್ ಹಾಕಿದರೂ ಮೊದಲು ವಿದ್ಯಾರ್ಥಿಯ ಖಾತೆಯಿಂದ ತೆರೆದು ನೋಡುತ್ತೇನೆ. ಶಿಕ್ಷಕರ ಖಾತೆಗೂ ಮಗುವಿನ ಖಾತೆಗೂ ಕಾಣುವುದೇ ಬೇರೆ. ತರಬೇತಿಯಲ್ಲಿ ಇದನ್ನು ಮೊದಲ ದಿನವೇ ಹೇಳಿಕೊಡಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಬೇಗ ಉತ್ತರಿಸಿದವರಿಗೆ ಹೆಚ್ಚು ಅಂಕ ಕೊಡುವ ಕ್ವಿಜ್ ಕೂಡ ಲ್ಯಾಬಿನಲ್ಲಿ ಒಂದೆರಡು ಬಾರಿ ಆಡಿಸಿದೆ. ಸಂಗೀತ, ಗಡಿಯಾರ, ಕೊನೆಗೆ ಮೊದಲ ಐದು ಹೆಸರು. ತರಗತಿ ಕುಣಿದಾಡಿತು. ಆದರೆ ಎರಡೂ ಸಲ ಅದೇ ಐದು ಹೆಸರು, ಮತ್ತು ನಿಧಾನವಾಗಿ ಆದರೂ ಸರಿಯಾಗಿ ಯೋಚಿಸುವ ಮಕ್ಕಳು ಮೂರನೇ ಪ್ರಶ್ನೆಯ ಹೊತ್ತಿಗೆ ಸುಮ್ಮನೆ ಕೈಗೆ ಸಿಕ್ಕಿದ್ದನ್ನು ಒತ್ತುತ್ತಿದ್ದರು. ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕೆ ಎಷ್ಟು ಹೊತ್ತು ಕಾಯುತ್ತಾರೆ ಅಂತ ಮೇರಿ ಬಡ್ ರೋ ಅನ್ನುವ ಸಂಶೋಧಕಿ 1970ರ ದಶಕದಲ್ಲೇ ಅಳೆದು ನೋಡಿದ್ದರು. ಸಾಮಾನ್ಯವಾಗಿ ಒಂದು ಸೆಕೆಂಡಿನ ಆಸುಪಾಸು ಅಷ್ಟೆ. ಅದನ್ನು 3 ಸೆಕೆಂಡು ಅಥವಾ ಇನ್ನೂ ಹೆಚ್ಚು ಮಾಡಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ ಅಂತ ಅವರು ಕಂಡುಕೊಂಡರು. ಗಡಿಯಾರ ಇಟ್ಟು ಓಡಿಸುವ ಕ್ವಿಜ್ ಇದಕ್ಕೆ ಪೂರ್ತಿ ಉಲ್ಟಾ. ಹಾಗಂತ ಕೈಬಿಡಬೇಕಾಗಿಲ್ಲ. ಸಮಯ ಹೆಚ್ಚಿಸಿ, ಅಂಕ ತೆಗೆದು, ಇಬ್ಬರಿಗೊಂದು ಉತ್ತರ ಅಂತ ಮಾಡಿದಾಗ ಮಕ್ಕಳು ಒಬ್ಬರೊಂದಿಗೊಬ್ಬರು ಜಗಳವಾಡುವುದು ಕೇಳಿಸಿತು, ಅದೂ ಗಣಿತದ ಬಗ್ಗೆ.

ಗಣಿತದ ಚಿತ್ರ ಬರೆದು ಎಳೆದಾಡಿ ನೋಡುವ ಸಾಫ್ಟ್‌ವೇರ್ ಜಿಯೋಜಿಬ್ರಾ ಬಗ್ಗೆ ಮಾತ್ರ ಎಷ್ಟು ಹೇಳಿದರೂ ನನಗೆ ಸಾಲದು. ಮಾರ್ಕುಸ್ ಹೋಹೆನ್‌ವಾರ್ಟರ್ ಅವರು ಆಸ್ಟ್ರಿಯಾದ ಸಾಲ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ತಮ್ಮ ಸ್ನಾತಕೋತ್ತರ ಪ್ರಬಂಧಕ್ಕೆಂದು 2001ರಲ್ಲಿ ಶುರುಮಾಡಿದ ಕೆಲಸ ಅದು. ಈಗ ಯಾರು ಬೇಕಾದರೂ ದುಡ್ಡಿಲ್ಲದೆ ಶಾಲೆಯಲ್ಲಿ ಬಳಸಬಹುದು. ತ್ರಿಭುಜದ ವಿಸ್ತೀರ್ಣ ಹೇಳಿಕೊಡಲು ಒಂದು ಚಿತ್ರ ಮಾಡಿದ್ದೆ. ಕೆಳಗೆ ಪಾದ, ಮೇಲೆ ಪಾದಕ್ಕೆ ಸಮಾಂತರವಾಗಿ ಒಂದು ಗೆರೆ, ಆ ಗೆರೆಯ ಮೇಲೆ ಮಾತ್ರ ಓಡಾಡುವ ತುದಿ, ಪಕ್ಕದಲ್ಲಿ ವಿಸ್ತೀರ್ಣದ ಅಂಕಿ. ಒಂದು ಸೆಕ್ಷನ್‌ನಲ್ಲಿ ಮೌಸ್ ಹಿಡಿದು ನಾನೇ ಎಳೆದು ತೋರಿಸಿದೆ, "ನೋಡಿ, ವಿಸ್ತೀರ್ಣ ಬದಲಾಗಲ್ಲ" ಅಂದೆ. ಮಕ್ಕಳು "ಹೂಂ" ಅಂದರು. ಅಲ್ಲಿಗೆ ಮುಗಿಯಿತು.

ಇನ್ನೊಂದು ಸೆಕ್ಷನ್‌ನಲ್ಲಿ ಎಳೆಯುವ ಮೊದಲು ಕೇಳಿದೆ. "ಈ ತುದೀನ ಬಲಕ್ಕೆ ಎಳೀತಾ ಹೋದ್ರೆ ವಿಸ್ತೀರ್ಣ ಹೆಚ್ಚಾಗುತ್ತೋ, ಕಡಿಮೆ ಆಗುತ್ತೋ, ಅಷ್ಟೇ ಇರುತ್ತೋ? ನೋಟ್ಸಲ್ಲಿ ಬರೀರಿ, ಬರೆದಾದ ಮೇಲೆ ಎಳೆಯೋಣ." ಹೆಚ್ಚಿನವರು ಹೆಚ್ಚಾಗುತ್ತೆ ಅಂತ ಬರೆದರು. ಬದಿ ಉದ್ದವಾಗುವುದು ಕಣ್ಣಿಗೆ ಕಾಣುತ್ತದಲ್ಲ. ಒಬ್ಬ ಹುಡುಗನನ್ನು ಕರೆದು ಮೌಸ್ ಕೊಟ್ಟೆ. ತ್ರಿಭುಜ ವಾಲಿತು, ಇನ್ನೂ ವಾಲಿತು, ತುದಿ ಪಾದವನ್ನು ದಾಟಿ ಆಚೆ ಹೋಯಿತು. ಅಂಕಿ 12 ಇದ್ದದ್ದು 12ರಲ್ಲೇ ನಿಂತಿತ್ತು. "ಮಿಸ್, ಅದು ಹ್ಯಾಂಗ್ ಆಗಿದೆ!" ಅಂತ ಹಿಂದಿನಿಂದ ಕೂಗು ಬಂತು. ಮೌಸ್ ಹಿಡಿದಿದ್ದವನು ತುದಿಯನ್ನು ಎಡಕ್ಕೆ ತಂದ, ಮತ್ತೆ ಬಲಕ್ಕೆ ಒಯ್ದ. ಆಮೇಲೆ ತಾನಾಗಿಯೇ ಎದ್ದು ಹೋಗಿ ಗೋಡೆಯ ಮೇಲಿನ ಚಿತ್ರದಲ್ಲಿ ತುದಿಯಿಂದ ಪಾದದ ಗೆರೆಗೆ ಗೇಣು ಹಾಕಿ ಅಳೆದ. ತ್ರಿಭುಜದ ಹೊರಗೆ ಬಿದ್ದ ಎತ್ತರಕ್ಕೆ ಅವನ ಗೇಣು ಸರಿಯಾಗಿ ಕೂತಿತು. "ಎತ್ತರ ಅಷ್ಟೇ ಇದೆ ಕಣ್ರೋ" ಅಂದ, ನನಗಲ್ಲ, ತರಗತಿಗೆ. ಸಾಫ್ಟ್‌ವೇರ್ ಅದೇ, ಚಿತ್ರ ಅದೇ. ಎಳೆಯುವ ಮೊದಲಿನ ಆ ಒಂದು ನಿಮಿಷ ಮಾತ್ರ ಹೊಸದು.

ವಿಜ್ಞಾನ ಪಾಠಕ್ಕೆ ಹೋಗುವ ಸಹಪಾಠಿಗಳು ಪ್ರಯೋಗವನ್ನು ಪರದೆಯ ಮೇಲೇ ಮಾಡಿ ನೋಡುವ, ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್‌ಗಳನ್ನು ಹೀಗೇ ಬಳಸುತ್ತಿದ್ದರು. ಮೊದಲು ಊಹೆ, ಆಮೇಲೆ ಸ್ವಿಚ್. ಅವುಗಳಲ್ಲಿ ಬಹಳಷ್ಟನ್ನು ಇಳಿಸಿಟ್ಟುಕೊಂಡರೆ ನೆಟ್ ಇಲ್ಲದೆಯೂ ಓಡುತ್ತವೆ. ನೆಟ್ ನಂಬಿಕೊಂಡು ಪಾಠ ಯೋಜನೆ ಬರೆಯಬಾರದು, ಇದನ್ನು ಅನುಭವಸ್ಥರೆಲ್ಲ ಮೊದಲೇ ಹೇಳುತ್ತಾರೆ, ಕೇಳಿಕೊಳ್ಳಿ.

ಇನ್ನು ಮೇಡಂ ಕೇಳಿದ ಪ್ರಶ್ನೆಗೆ ಬರುತ್ತೇನೆ, ಎಷ್ಟು ಮಕ್ಕಳು ಬಾಯಿ ತೆರೆದರು? ತರಗತಿಯಲ್ಲಿ ಮಕ್ಕಳ ಕೈಗೆ ಯಾವ ಸಾಧನವೂ ಇರಲಿಲ್ಲ, ಇದ್ದದ್ದು ನನ್ನ ಮೊಬೈಲ್ ಒಂದೇ. ಪ್ಲಿಕರ್ಸ್ ಅನ್ನುವ ಆ್ಯಪ್ ಅಷ್ಟಕ್ಕೇ ಕೆಲಸ ಮಾಡುತ್ತದೆ. ಪ್ರತಿ ಮಗುವಿಗೂ ಒಂದು ಪ್ರಿಂಟ್ ಮಾಡಿದ ಕಾರ್ಡು, ಅದರ ಮೇಲೆ ಕಪ್ಪು ಚೌಕಗಳ ಒಂದು ವಿನ್ಯಾಸ, ಒಬ್ಬರದ್ದರ ಹಾಗೆ ಇನ್ನೊಬ್ಬರದ್ದಿಲ್ಲ. ನಾಲ್ಕು ಬದಿಗೆ ಎ, ಬಿ, ಸಿ, ಡಿ. ಯಾವ ಉತ್ತರವೋ ಆ ಬದಿ ಮೇಲೆ ಬರುವಂತೆ ಹಿಡಿಯಬೇಕು. ನಾನು ಕ್ಯಾಮೆರಾ ಒಂದು ಸುತ್ತು ತಿರುಗಿಸಿದರೆ ಯಾರು ಏನು ಹೇಳಿದರು ಅನ್ನುವುದು ಮೊಬೈಲಿನಲ್ಲಿ.

ಕಾರ್ಡು ಹಂಚಿದ ಮೇಲೆ ತಿಳಿಯಿತು, ನನ್ನ 0.6, 0.45ರ ಪ್ರಶ್ನೆಯೇ ಕಳಪೆ ಅಂತ. "ಅಂಕಿ ಕಡಿಮೆ ಇದ್ದಷ್ಟೂ ಸಂಖ್ಯೆ ದೊಡ್ಡದು, ಯಾಕೆಂದರೆ ನೂರರ ಭಾಗಕ್ಕಿಂತ ಹತ್ತರ ಭಾಗ ದೊಡ್ಡದು" ಅಂತ ತಪ್ಪು ತಿಳಿದ ಮಗುವೂ 0.6 ಅಂದೇ ಅನ್ನುತ್ತದೆ. ಉತ್ತರ ಸರಿ, ಕಾರಣ ತಪ್ಪು. ಹಾಗಾಗಿ ಪ್ರಶ್ನೆ ಬದಲಿಸಿದೆ. ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ದೊಡ್ಡದು: 0.6, 0.45, 0.73, 0.128? ಉದ್ದ ಇದ್ದದ್ದೇ ದೊಡ್ಡದು ಅನ್ನುವ ಮಗು ಡಿ ಹಿಡಿಯುತ್ತದೆ, ಗಿಡ್ಡ ಇದ್ದದ್ದು ದೊಡ್ಡದು ಅನ್ನುವ ಮಗು ಎ ಹಿಡಿಯುತ್ತದೆ. 36 ಮಕ್ಕಳಲ್ಲಿ ಸಿ ಹಿಡಿದವರು 17, ಡಿ 11, ಎ 6, ಬಿ 2. ಮೊದಲ ವಾರ ನಾನು "ಚೆನ್ನಾಗಿ ಆಯಿತು" ಅಂದುಕೊಂಡಿದ್ದ ಪಾಠ ಅರ್ಧದಷ್ಟು ಮಕ್ಕಳನ್ನೂ ಮುಟ್ಟಿರಲಿಲ್ಲ. ಆ ಸಂಜೆ ಒಂದು ಪ್ರಶ್ನೆಗೆ ನಾಲ್ಕು ಆಯ್ಕೆ ಬರೆಯಲು ಮುಕ್ಕಾಲು ಗಂಟೆ ಕೂತೆ. 34 ಸ್ಲೈಡಿಗಿಂತ ಇದು ಹೆಚ್ಚು ಕಷ್ಟ.

ಕಾರ್ಡು ಎತ್ತುವಾಗ ನಾನು ಪೂರ್ತಿ ಮಕ್ಕಳ ಕಡೆಗೇ ಮುಖ ಮಾಡಿ ನಿಲ್ಲಬೇಕಿತ್ತು. ಹಾಗಾಗಿಯೇ ಅವನು ಕಣ್ಣಿಗೆ ಬಿದ್ದ. ಕಿಟಕಿ ಪಕ್ಕದ ಹುಡುಗ. ನಾಲ್ಕು ದಿನದಿಂದ ಮೊಬೈಲಿನಲ್ಲಿ ಅವನದ್ದು ಎಲ್ಲವೂ ಸರಿ. ಆದರೆ ಅವನ ಕಾರ್ಡು ಪ್ರತಿ ಸಲವೂ ಕೊನೆಗೆ ಮೇಲೆ ಬರುತ್ತಿತ್ತು. ಎದೆಗೆ ಒತ್ತಿ ಹಿಡಿದು ಕೆಳಗೆ ನೋಡುತ್ತಿದ್ದ, ಆಮೇಲೆ ತಿರುಗಿಸಿ ಎತ್ತುತ್ತಿದ್ದ. ಐದನೇ ದಿನ ಕಂಡಿತು, ಡೆಸ್ಕಿನ ಕೆಳಗೆ ಪಕ್ಕದ ಗೆಳೆಯನ ಮೂರು ಬೆರಳು. ಮೂರು ಬೆರಳು ಅಂದರೆ ಸಿ.

ಬೈಯಲಿಲ್ಲ. ಬಿಡುವಿನಲ್ಲಿ ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ಗ್ರಾಫ್ ಹಾಳೆಯಲ್ಲಿ ಹತ್ತು ಸಾಲು ಹತ್ತು ಕಂಬದ ಒಂದು ಚೌಕ ಹಾಕಿ, "ಇದು ಪೂರ್ತಿ ಒಂದು. ಇದ್ರಲ್ಲಿ 0.6 ಎಷ್ಟು, ಬಣ್ಣ ಹಾಕು" ಅಂದೆ. ಅವನು ಜಾಗ್ರತೆಯಾಗಿ ಆರು ಪುಟ್ಟ ಮನೆ ತುಂಬಿಸಿದ. 0.45 ಅಂದಾಗ ನಲವತ್ತೈದು ಮನೆ. ಪೆನ್ಸಿಲ್ ಇಟ್ಟು ನನ್ನ ಮುಖ ನೋಡಿದ. ಅವನ ಲೆಕ್ಕದಲ್ಲಿ ಅದು ಸರಿಯಾಗಿಯೇ ಇತ್ತು, ಅಷ್ಟು ದಿನವೂ. "ಹತ್ತರಲ್ಲಿ ಒಂದು ಭಾಗ ಅಂದ್ರೆ ಈ ಚೌಕದಲ್ಲಿ ಎಲ್ಲಿಂದ ಎಲ್ಲಿವರೆಗೆ ಬರುತ್ತಪ್ಪ?" ಅಂತ ಕೇಳಿ ಸುಮ್ಮನೆ ಕಾದೆ. ಬಹಳ ಹೊತ್ತು ಹಿಡಿಯಿತು. ಕೊನೆಗೆ ಅವನ ಪೆನ್ಸಿಲ್ ಒಂದು ಕಂಬದುದ್ದಕ್ಕೂ ಮೇಲಿಂದ ಕೆಳಗೆ ಇಳಿಯಿತು.

ಸೋಮವಾರ ಹೊಸ ಪ್ರಶ್ನೆ ಹಾಕಿದಾಗ ಅವನ ಕಾರ್ಡು ತರಗತಿಯಲ್ಲೇ ಮೊದಲು ಎದ್ದಿತು. ಡೆಸ್ಕಿನ ಕೆಳಗೆ ಯಾವ ಬೆರಳೂ ಇರಲಿಲ್ಲ. ಉತ್ತರ ತಪ್ಪಾಗಿತ್ತು, ಮೊಬೈಲಿನಲ್ಲಿ ಅವನ ಹೆಸರು ಮೊದಲ ಸಲ ಕೆಂಪಾಯಿತು. ನನಗೆ ಎಷ್ಟು ಸಂತೋಷವಾಯಿತು ಅಂದರೆ ಮುಂದಿನ ಪ್ರಶ್ನೆ ಓದಲು ಒಂದು ಗಳಿಗೆ ತಡವಾಯಿತು. ಬಿಡುವಿನ ಗಂಟೆ ಹೊಡೆದಾಗ ನಾನು ಕರೆಯಲಿಲ್ಲ. ಗ್ರಾಫ್ ಹಾಳೆ ಹಿಡಿದುಕೊಂಡು ಅವನೇ ಮೇಜಿನ ಹತ್ತಿರ ಬಂದ.