ಸೋನೋಮೀಟರ್ ಮೇಷ್ಟ್ರು ಮತ್ತು ಸುಳ್ಳು ಮಳೆ

2025ರ ಜುಲೈ 22ರಂದು ರಾಕ್ ಗಾಯಕ ಆಜಿ ಆಸ್‌ಬರ್ನ್ ತೀರಿಕೊಂಡ ಸುದ್ದಿ ಬಂದಾಗ, ನಮ್ಮ 1987–90ರ ಬಿ.ಎಸ್ಸಿ. ತಂಡದ ವಾಟ್ಸಾಪ್ ಗುಂಪಿನಲ್ಲಿ ಏಳೆಂಟು ಮಂದಿ ನನಗೆ ಸಂತಾಪ ಸೂಚಿಸಿದರು. ತೀರಿಕೊಂಡವರು ನನ್ನ ಸೋದರಮಾವನೇನೋ ಎಂಬಂತೆ. ಎರಡು ವಾರ ಕಳೆಯುವಷ್ಟರಲ್ಲಿ ಅದೇ ಗುಂಪಿನಲ್ಲಿ ನಮ್ಮ ಭೌತಶಾಸ್ತ್ರದ ಮೇಷ್ಟ್ರು ಇನ್ನಿಲ್ಲವೆಂಬ ಸುದ್ದಿಯೂ ಬಂದಿತು. ಈ ಇಬ್ಬರನ್ನು ಒಂದೇ ಉಸಿರಿನಲ್ಲಿ ನೆನೆಯುವುದು ಕಾಲೇಜಿನ ವಾರ್ಷಿಕ ಸಂಚಿಕೆಗೆ ತಕ್ಕುದಲ್ಲವೆಂದು ಸಂಪಾದಕರಿಗೆ ಅನ್ನಿಸಿದರೆ ನಾನು ತಕರಾರು ಮಾಡಲಾರೆ. ಆದರೆ ಬರ್ಮಿಂಗ್‌ಹ್ಯಾಮಿನ ಆ ಗಾಯಕನ ತಂಡವಾದ ಬ್ಲ್ಯಾಕ್ ಸಬಾತನ್ನು ಹೇಗೆ ಕೇಳಬೇಕೆಂದು ನನಗೆ ತಿಳಿಸಿಕೊಟ್ಟವರು ಪಂಚೆ ಉಟ್ಟು ಸಂಜೆ ತಂಬೂರಿ ಮೀಟುತ್ತಿದ್ದ ಆ ಮೇಷ್ಟ್ರೇ ಆಗಿರುವುದರಿಂದ ನನಗೆ ಬೇರೆ ದಾರಿಯಿಲ್ಲ.

ಅವರನ್ನು ನಾವು ಸೋನೋಮೀಟರ್ ಮೇಷ್ಟ್ರು ಎಂದು ಕರೆಯುತ್ತಿದ್ದೆವು. ಪ್ರಯೋಗಾಲಯದಲ್ಲಿ ಬೇರೆ ಉಪಕರಣಗಳನ್ನು ಅಟೆಂಡರ್ ಕೈಗೆ ಬಿಟ್ಟರೂ ತಂತಿಯ ಬಿಗಿತಕ್ಕೂ ಸ್ವರಕ್ಕೂ ಇರುವ ನಂಟನ್ನು ಅಳೆಯುವ ಸೋನೋಮೀಟರಿನ ಉದ್ದನೆಯ ಮರದ ಪೆಟ್ಟಿಗೆಯನ್ನು ಮಾತ್ರ ತಾವೇ ಒರೆಸಿ, ತಾವೇ ತೂಕದ ಬಿಲ್ಲೆಗಳನ್ನು ಹಾಕಿ, ಕಿವಿಯನ್ನು ತಂತಿಯ ಹತ್ತಿರ ತಂದು, ಶ್ರುತಿಕವೆಯ ಸ್ವರಕ್ಕೆ ಅದು ಕೂಡುವವರೆಗೆ ಉಸಿರು ಬಿಡದೆ ನಿಲ್ಲುತ್ತಿದ್ದರು. ಕಾಗದದ ಚೂರು ತಂತಿಯಿಂದ ಹಾರಿ ಬಿದ್ದರೆ ಸಾಕೆಂದು ಪಠ್ಯಪುಸ್ತಕ ಹೇಳುತ್ತಿತ್ತು. "ಕಾಗದಕ್ಕೆ ಗೊತ್ತಾದದ್ದು ನಿನ್ನ ಕಿವಿಗೆ ಯಾಕೆ ಗೊತ್ತಾಗಲಿಲ್ಲ ಮಾರಾಯ?" ಎಂಬುದು ಅವರ ಪ್ರಶ್ನೆ. ಮೂರು ವರ್ಷಗಳ ಪಠ್ಯಕ್ರಮದಲ್ಲಿ ಇಂದು ನನ್ನಲ್ಲಿ ಉಳಿದಿರುವುದು ಆ ತಂತಿಯ ನಿಯಮವೊಂದೇ: ಕಂಪನಸಂಖ್ಯೆ ಏರುವುದು ಬಿಗಿತದ ವರ್ಗಮೂಲಕ್ಕೆ ತಕ್ಕಂತೆ. ಉಷ್ಣಗತಿಶಾಸ್ತ್ರವೆಲ್ಲ ಪರೀಕ್ಷೆಯ ಮರುದಿನವೇ ಆವಿಯಾಯಿತು.

ಆ ದಿನಗಳಲ್ಲಿ ನಮ್ಮಂಥ ಮಲೆನಾಡಿನ ಊರಿಗೆ ಹಾರ್ಡ್ ರಾಕ್ ಬರುತ್ತಿದ್ದುದು ಬೆಂಗಳೂರಿನ ರಾತ್ರಿ ಬಸ್ಸಿನಲ್ಲಿ. ಅಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ನನ್ನ ಚಿಕ್ಕಪ್ಪನ ಮಗ ಬ್ರಿಗೇಡ್ ರಸ್ತೆಯ ಬಳಿಯ ಅಂಗಡಿಯೊಂದರಲ್ಲಿ 90 ನಿಮಿಷದ ಖಾಲಿ ಕ್ಯಾಸೆಟ್ಟಿಗೆ ಎರಡು ಆಲ್ಬಮ್‌ಗಳನ್ನು ತುಂಬಿಸಿ, ಪರಿಚಯದ ಕಂಡಕ್ಟರನ ಕೈಯಲ್ಲಿ ಕಳುಹಿಸುತ್ತಿದ್ದ. ವಿದ್ಯಾರ್ಥಿನಿಲಯದಲ್ಲಿ ಇದನ್ನು ಕೇಳುತ್ತಿದ್ದವರು ನಾವು ಮೂವರೇ. ಊರಿಗೆ ಹೆವಿ ಮೆಟಲ್ಲನ್ನು ತಂದವನು ನಾನು ಎಂದು ಹೇಳಿಕೊಂಡರೆ ಜಂಭವೆನ್ನಿಸಬಹುದು; ಆದರೂ ನನಗಿಂತ ಮೊದಲು ಯಾರಾದರೂ ತಂದಿದ್ದರೆ ಮುಂದಿನ ಸಂಚಿಕೆಯಲ್ಲಿ ಬರೆಯಲಿ. ರಸಾಯನಶಾಸ್ತ್ರ ಕಲಿಸುತ್ತಿದ್ದ ನಮ್ಮ ವಾರ್ಡನ್ ಇದನ್ನು "ಪಾತ್ರೆ ಅಂಗಡಿಯ ಭೂಕಂಪ" ಎನ್ನುತ್ತಿದ್ದರು. 1980ರಲ್ಲಿ ಜೂಡಸ್ ಪ್ರೀಸ್ಟ್ ತಂಡದವರು ತಮ್ಮ ಆಲ್ಬಮ್ಮೊಂದರ ಧ್ವನಿಮುದ್ರಣದಲ್ಲಿ ಹಾಲಿನ ಬಾಟಲಿಗಳನ್ನು ಒಡೆದು, ಚಮಚ–ಫೋರ್ಕುಗಳು ತುಂಬಿದ ತಟ್ಟೆಯನ್ನು ಅಲುಗಾಡಿಸಿ ಸದ್ದು ಹಿಡಿದಿದ್ದರೆಂದು ಬಹಳ ವರ್ಷಗಳ ನಂತರ ಓದಿದಾಗ, ವಾರ್ಡನ್ನರ ಮಾತು ಅಷ್ಟೇನೂ ತಪ್ಪಾಗಿರಲಿಲ್ಲವೆಂದು ನಕ್ಕಿದ್ದೆ.

ಈಗ ಆ ಪ್ರಸಂಗಕ್ಕೆ ಬರುತ್ತೇನೆ. 1989ರ ಜನವರಿಯಲ್ಲಿ ಕಾಲೇಜು ವಾರ್ಷಿಕೋತ್ಸವಕ್ಕೆಂದು ಬಾಡಿಗೆಗೆ ತಂದ ಧ್ವನಿವರ್ಧಕದ ಎರಡು ಕಹಳೆಗಳನ್ನು ಹಿಂದಿನ ದಿನವೇ ಮಾವಿನ ಮರಕ್ಕೆ ಕಟ್ಟಿದ್ದರು. ಆಂಪ್ಲಿಫೈಯರನ್ನು ಕಾಯುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ರಾತ್ರಿ ಹನ್ನೊಂದರ ಸುಮಾರಿಗೆ, ಪರೀಕ್ಷಿಸಿ ನೋಡುವ ನೆಪದಲ್ಲಿ, ನಾವು ಬ್ಲ್ಯಾಕ್ ಸಬಾತಿನ ಮೊದಲ ಆಲ್ಬಮ್ಮನ್ನು ಹಾಕಿದೆವು. 1970ರ ಫೆಬ್ರವರಿ 13ರ ಶುಕ್ರವಾರ ಬಿಡುಗಡೆಯಾದ ಆ ಆಲ್ಬಮ್ಮು ಗಿಟಾರಿನಿಂದ ಆರಂಭವಾಗುವುದಿಲ್ಲ. ಮೊದಲು ಮಳೆ ಸುರಿಯುತ್ತದೆ, ಗುಡುಗು ಉರುಳುತ್ತದೆ, ದೂರದಲ್ಲಿ ಚರ್ಚಿನ ಗಂಟೆ ಒಂದೊಂದಾಗಿ ಬಡಿಯುತ್ತದೆ. ಕಹಳೆಯಲ್ಲಿ ಅದು ಎಷ್ಟು ನಿಜವಾಗಿ ಕೇಳಿಸಿತೆಂದರೆ, ಕಾಂಪೌಂಡಿನ ಆಚೆಯ ಮನೆಯ ಹಿರಿಯರು, ಚಪ್ಪರದ ಮೇಲೆ ಹರವಿದ್ದ ಬೇಯಿಸಿದ ಅಡಿಕೆ ನೆನೆದು ಬೂಸ್ಟು ಹಿಡಿಯುತ್ತದೆಂಬ ಗಾಬರಿಯಿಂದ ಮನೆಮಂದಿಯನ್ನೆಲ್ಲ ಎಬ್ಬಿಸಿ, ಲಾಟೀನು ಹಿಡಿದು, ನಕ್ಷತ್ರ ತುಂಬಿದ ಆಕಾಶದ ಕೆಳಗೆ ಅಡಿಕೆಯನ್ನು ಗೋಣಿಗೆ ತುಂಬತೊಡಗಿದರು. ಎರಡು ಗೋಣಿ ತುಂಬಿದ ಮೇಲೆ ಯಾರೋ ಅಂಗೈ ಚಾಚಿ ನೋಡಿದರಂತೆ. ಒಂದು ಹನಿಯೂ ಇಲ್ಲ. ಅಷ್ಟು ಹೊತ್ತಿಗೆ ಮಳೆ ನಿಂತು ಗಿಟಾರ್ ಮೊಳಗಿತು, ನಾಯಿಗಳೆಲ್ಲ ಒಟ್ಟಿಗೆ ಊಳಿಟ್ಟವು.

ವಾರ್ಡನ್ನರು ಓಡಿ ಬರುವ ಮೊದಲೇ ಸೋನೋಮೀಟರ್ ಮೇಷ್ಟ್ರು ಬಂದಿದ್ದರು. ಅವರ ಮನೆ ಇದ್ದದ್ದು ಆ ರಸ್ತೆಯಲ್ಲೇ. ಹೆಗಲ ಮೇಲೆ ಟವಲು ಹಾಕಿಕೊಂಡು, ಮಾವಿನ ಮರದ ಬುಡದಲ್ಲಿ ನಿಂತು, ಕತ್ತು ಎತ್ತಿ ಕಹಳೆಯನ್ನೇ ನೋಡುತ್ತಿದ್ದರು. ನಾನು ಆರಿಸಲು ಕೈ ಹಾಕಿದಾಗ ತಡೆದರು. ಆರು ನಿಮಿಷ ದಾಟುವ ಆ ಹಾಡು ಮುಗಿಯುವವರೆಗೂ ಕೇಳಿ, ಇಷ್ಟೇ ಹೇಳಿದರು: "ಮಳೆ ಸುಳ್ಳು. ಪ್ರತಿಮಧ್ಯಮ ನಿಜ. ನಾಳೆ ಬೆಳಿಗ್ಗೆ ಅವರ ಅಡಿಕೆ ಹರವಿ ಕೊಟ್ಟು, ಕ್ಯಾಸೆಟ್ ಹಿಡಿದುಕೊಂಡು ಲ್ಯಾಬಿಗೆ ಬಾ." ವಾರ್ಡನ್ನರು ತಲಾ 25 ರೂಪಾಯಿ ದಂಡ ಹಾಕಿದರು. ಅಡಿಕೆ ಹರವಲು ನಾವು ಹೋದಾಗ ಆ ಮನೆಯ ಅಜ್ಜಿ ಬೈಯುತ್ತಲೇ ದೋಸೆ ಹಾಕಿಕೊಟ್ಟರು.

ಲ್ಯಾಬಿನಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಆ ಹಾಡಿನಲ್ಲಿ ಗಿಟಾರು ಮತ್ತೆ ಮತ್ತೆ ನುಡಿಸುವ ಮುಖ್ಯ ರಿಫ್‌ನಲ್ಲಿ ಇರುವುದು ಮೂರೇ ಸ್ವರಗಳು: ಷಡ್ಜ, ಅದರ ಮೇಲಿನ ಷಡ್ಜ, ಆಮೇಲೆ ಅವೆರಡರ ಸರಿ ನಡುವಿಗೆ ಇಳಿದು ನಡುಗುವ ಪ್ರತಿಮಧ್ಯಮ. ಯುರೋಪಿನ ಸಂಗೀತಜ್ಞರು ಈ ಅಂತರಕ್ಕೆ ಸಂಗೀತದೊಳಗಿನ ಸೈತಾನನೆಂದು ಹೆಸರಿಟ್ಟಿದ್ದರು; ಚರ್ಚು ಅದನ್ನು ನಿಷೇಧಿಸಿತ್ತೆಂದು ಮೆಟಲ್ ಅಭಿಮಾನಿಗಳು ಇಂದಿಗೂ ಹೇಳುವ ಕಥೆಗೆ ಮಾತ್ರ ಗಟ್ಟಿ ಆಧಾರವಿಲ್ಲ. ಸೈತಾನನ ವಿಷಯವನ್ನು ಹಳೆಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಓದಿದ್ದ ನಾನು ಹೆಮ್ಮೆಯಿಂದ ಒಪ್ಪಿಸಿದಾಗ ಮೇಷ್ಟ್ರು, "72 ಮೇಳಕರ್ತ ರಾಗಗಳಲ್ಲಿ 36ರಲ್ಲಿ ಅವನು ಕೂತಿದ್ದಾನೆ, ನಮ್ಮ ಹೆಂಗಸರು ಅವನನ್ನೇ ಆರತಿ ಹಾಡಿನಲ್ಲಿ ಹಾಡುತ್ತಾರೆ" ಎಂದು ಕಲ್ಯಾಣಿ ರಾಗವನ್ನು ಮೆಲ್ಲಗೆ ಗುನುಗಿದರು. ಹಾಗಾದರೆ ಇಲ್ಲಿ ಯಾಕೆ ಭಯವಾಗುತ್ತದೆಂದು ಕೇಳಿದೆ. ಕಲ್ಯಾಣಿಯಲ್ಲಿ ಆ ಮಧ್ಯಮಕ್ಕೆ ಈ ಕಡೆ ಗಾಂಧಾರ, ಆ ಕಡೆ ಪಂಚಮ ಆಸರೆಯಾಗಿ ನಿಲ್ಲುತ್ತವೆ, ನಿನ್ನ ಹಾಡಿನಲ್ಲಿ ಅದನ್ನು ಬಟ್ಟಬಯಲಿನಲ್ಲಿ ಒಂಟಿಯಾಗಿ ನಿಲ್ಲಿಸಿದ್ದಾರೆ ಎಂಬುದು ಅವರ ಉತ್ತರ. ನಂತರದ ಮೂವತ್ತಾರು ವರ್ಷಗಳಲ್ಲಿ ರಾಕ್ ಸಂಗೀತದ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ಇದಕ್ಕಿಂತ ಒಳಗೆ ಹೋಗಿಲ್ಲ.

ಆಮೇಲೆ ಅವರು ಸಿಗ್ನಲ್ ಜನರೇಟರಿನಿಂದ ಒಂದು ಸ್ವರವನ್ನು ಲ್ಯಾಬಿನ ಸಣ್ಣ ಆಂಪ್ಲಿಫೈಯರಿಗೆ ಕೊಟ್ಟು, ಆಸಿಲೋಸ್ಕೋಪಿನ ಹಸಿರು ಪರದೆಯಲ್ಲಿ ಅಲೆಯನ್ನು ತೋರಿಸಿದರು. ಆಂಪ್ಲಿಫೈಯರನ್ನು ಅದರ ಶಕ್ತಿ ಮೀರಿ ಏರಿಸುತ್ತಾ ಹೋದಂತೆ ದುಂಡನೆಯ ಅಲೆಯ ನೆತ್ತಿ ಚಪ್ಪಟೆಯಾಯಿತು. ಕೊಳಲಿನಂತಿದ್ದ ದನಿ ನಾಗಸ್ವರದ ಕಡೆಗೆ ವಾಲಿತು. ಇಲ್ಲದ ಮೇಲ್ಸ್ವರಗಳು ಹುಟ್ಟಿಕೊಳ್ಳುವುದು ಹೀಗೆ, ನಿಮ್ಮ ಗಿಟಾರಿನ ಕರ್ಕಶದ ಗುಟ್ಟು ಇದು, ತಂಬೂರಿಯ ಕುದುರೆಯ (ತಂತಿಗಳನ್ನು ಹೊತ್ತ ಸೇತುವೆಯ) ಮೇಲೆ ಜೀವಾಳದ ದಾರ ಕೂರಿಸಿ ನಾವು ಮೇಲ್ಸ್ವರಗಳನ್ನು ಎಬ್ಬಿಸುವುದು ಇನ್ನೊಂದು ದಾರಿ ಎಂದರು. ಮೆಟಲ್ ಗಿಟಾರಿಗರು ಪವರ್ ಕಾರ್ಡ್ ಎನ್ನುವುದು ಬರಿಯ ಷಡ್ಜ–ಪಂಚಮ ಎಂದು ನಾನು ಹೇಳಿದಾಗ ಅವರು ಮಕ್ಕಳಂತೆ ಖುಷಿಪಟ್ಟರು. ಎರಡಕ್ಕೆ ಮೂರರ ಅನುಪಾತದ ಆ ಎರಡು ಸ್ವರಗಳು ಇಂಥ ಆಂಪ್ಲಿಫೈಯರಿನಲ್ಲಿ ಬೆರೆತಾಗ ಅವುಗಳ ವ್ಯತ್ಯಾಸವಾದ ಒಂದು ಹುಟ್ಟಿ, ಷಡ್ಜಕ್ಕೂ ಒಂದು ಸ್ಥಾಯಿ ಕೆಳಗಿನ ಷಡ್ಜ ಕೇಳಿಸುತ್ತದೆ. ಗಾಂಧಾರ ಸೇರಿಸಿದರೆ ರಾಡಿಯಾಗುತ್ತದೆ. ಇದನ್ನೆಲ್ಲ ಅವರು ಲೆಕ್ಕದ ಹಾಳೆಯ ಹಿಂಬದಿಯಲ್ಲಿ ಬರೆದು ತೋರಿಸಿದರು.

ಗಿಟಾರಿಗ ಟೋನಿ ಅಯೋಮಿಯ ಕಥೆಯನ್ನು ನಾನು ಹೇಳಿದ್ದೂ ಆ ದಿನವೇ. ಹದಿನೇಳನೆಯ ವಯಸ್ಸಿನಲ್ಲಿ, ತಗಡಿನ ಕಾರ್ಖಾನೆಯಲ್ಲಿ ಕೆಲಸದ ಕೊನೆಯ ದಿನ, ಯಂತ್ರಕ್ಕೆ ಸಿಕ್ಕಿ ಅವನ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಎಡಚನಾದ ಅವನಿಗೆ ತಂತಿ ಒತ್ತುವ ಕೈ ಅದು. ಪ್ಲಾಸ್ಟಿಕ್ ಬಾಟಲಿ ಕರಗಿಸಿ, ಚರ್ಮ ಅಂಟಿಸಿ, ತಾನೇ ಮಾಡಿಕೊಂಡ ಬೆರಳ್ಗಾಪು ತೊಟ್ಟು, ತೆಳು ತಂತಿಗಳನ್ನು ಹಾಕಿ ಅವನು ಮತ್ತೆ ನುಡಿಸಿದ. 1971ರ ಮೂರನೆಯ ಆಲ್ಬಮ್ಮಿನ ಹೊತ್ತಿಗೆ ಶ್ರುತಿಯನ್ನೇ ಮೂರು ಸ್ವರಸ್ಥಾನ ಇಳಿಸಿದ. "ಮೂರು ಇಳಿಸಿದರೆ ಬಿಗಿತ ಎಷ್ಟು ಇಳಿಯುತ್ತದೆ, ಲೆಕ್ಕ ಹಾಕು" ಎಂದರು ಮೇಷ್ಟ್ರು. ಸುಮಾರು ಶೇಕಡಾ 29. ಅಂತಿಮ ಪರೀಕ್ಷೆಯಲ್ಲಿ ಸೋನೋಮೀಟರಿನ ಪ್ರಶ್ನೆಗೆ ಪೂರ್ಣ ಅಂಕ ಪಡೆದವನು ನಾನೊಬ್ಬನೇ ಎಂಬುದನ್ನು ಪ್ರಸಂಗವಶಾತ್ ಹೇಳುತ್ತಿದ್ದೇನೆ.

ಕೊನೆಗೆ ಅವರು ಕೊಟ್ಟ ತೀರ್ಪಿನಿಂದಲೇ ನನ್ನ ಅಭಿರುಚಿಯೆಲ್ಲ ಬೆಳೆಯಿತು. "ಇವನು ಚೌಕ ಕಾಲದಲ್ಲಿ ನುಡಿಸುತ್ತಾನೆ. ಭಾರ ಇರುವುದು ಸದ್ದಿನಲ್ಲಿ ಅಂತ ನೀವು ತಿಳಿದಿದ್ದೀರಿ. ಅವನು ಬಿಡುವಿನಲ್ಲಿ ಇಟ್ಟಿದ್ದಾನೆ." ಚೌಕ ಕಾಲವೆಂದರೆ ನಿಧಾನ ಗತಿ. ಈ ಅಳತೆಗೋಲಿನಿಂದ ನೋಡಿದರೆ 1970ರಿಂದ 75ರವರೆಗಿನ ಸಬಾತಿನ ಆರು ಆಲ್ಬಮ್‌ಗಳ ಮುಂದೆ ಎಂಬತ್ತರ ದಶಕದಲ್ಲಿ ಕೂದಲು ಉಬ್ಬಿಸಿಕೊಂಡು ಕಿರುಚಿದವರೆಲ್ಲ ಹಗುರ. ಡೀಪ್ ಪರ್ಪಲ್ ತಂಡ ನನಗೆ ಪ್ರಿಯವಾದದ್ದು ಬ್ಲ್ಯಾಕ್‌ಮೋರನ ಗಿಟಾರಿಗಿಂತ ಹೆಚ್ಚಾಗಿ, ಹ್ಯಾಮಂಡ್ ಆರ್ಗನ್ನನ್ನು ಗಿಟಾರಿನ ಆಂಪ್ಲಿಫೈಯರಿಗೆ ಸಿಕ್ಕಿಸಿ ಗರ್ಜಿಸುವಂತೆ ಮಾಡಿದ ಜಾನ್ ಲಾರ್ಡ್‌ನಿಂದ. ಮೆಟಾಲಿಕಾದ 1988ರ ಆಲ್ಬಮ್ಮಿನಲ್ಲಿ ಬೇಸ್ ಗಿಟಾರ್ ಕೇಳಿಸುವುದೇ ಇಲ್ಲ. ಕೆಳಷಡ್ಜವಿಲ್ಲದ ಕಟ್ಟಡ ಅದು. ವೇಗವೇ ಭಾರವೆಂದು ನಂಬಿದ ಇಂದಿನ ತರುಣ ತಂಡಗಳ ಬಗ್ಗೆ ಮಾತಾಡದಿರುವುದು ಲೇಸು.

2007ರ ಮಾರ್ಚ್ 17ರಂದು ಮೂವರು ಗಿಟಾರಿಗರ ಬ್ರಿಟಿಷ್ ಮೆಟಲ್ ತಂಡ ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಾನೂ ಹೋಗಿದ್ದೆ. ಪಕ್ಕದ ಹುಡುಗರು ನನ್ನನ್ನು ಮಗನನ್ನು ಹುಡುಕಿಕೊಂಡು ಬಂದ ತಂದೆಯೆಂದು ತಿಳಿದು ದಾರಿ ಬಿಟ್ಟರು. ಮೇಷ್ಟ್ರಿಗೆ ನಾಲ್ಕು ಪುಟದ ಕಾಗದ ಬರೆದೆ. ಅವರಿಂದ ಕಾರ್ಡು ಬಂತು: "ಮೂರು ಗಿಟಾರುಗಳಿಗೆ ಅಲ್ಲಿ ಏನು ಕೆಲಸ? ಶ್ರುತಿ ಸೇರಿತ್ತೇ?"

ಇತ್ತೀಚೆಗೆ ನನ್ನ ತಂಗಿಯ ಮಗ ತನ್ನ ಕಾಲೇಜಿನಲ್ಲಿ ಸೋನೋಮೀಟರ್ ಪ್ರಯೋಗವನ್ನು ಕಂಪ್ಯೂಟರಿನ ಪರದೆಯ ಮೇಲೆ ಮಾಡಿ ತೋರಿಸಿದ. ತಂತಿಯ ಚಿತ್ರವಿತ್ತು, ತೂಕದ ಚಿತ್ರವಿತ್ತು, ಉತ್ತರ ಎರಡು ದಶಾಂಶದವರೆಗೆ ಸರಿಯಾಗಿತ್ತು. ಸದ್ದು ಮಾತ್ರ ಇರಲಿಲ್ಲ. ಅವರ ಅಧ್ಯಾಪಕರನ್ನು ದೂರುವಂತಿಲ್ಲ. ನೂರಿಪ್ಪತ್ತು ಮಕ್ಕಳ ಅಂಕ ತುಂಬುವವರಿಗೆ, ರಾತ್ರಿ ಹನ್ನೊಂದಕ್ಕೆ ಮರದ ಕೆಳಗೆ ನಿಂತು ಪೂರಾ ಒಂದು ಹಾಡು ಕೇಳಲು ಪುರುಸೊತ್ತಾದರೂ ಎಲ್ಲಿಂದ ಬರಬೇಕು?

ವೈಕುಂಠ ಸಮಾರಾಧನೆಯ ದಿನ ಮೇಷ್ಟ್ರ ಮನೆಗೆ ಹೋಗಿ, ಅವರು ಅಂದು ಇಟ್ಟುಕೊಂಡ ಕ್ಯಾಸೆಟ್ ಸಿಗಬಹುದೇ ಎಂದು ಸಂಕೋಚದಿಂದ ಕೇಳಿದೆ. ಮನೆಗೆ ಸುಣ್ಣ ಬಳಿಸುವಾಗ ಕ್ಯಾಸೆಟ್ಟುಗಳನ್ನೆಲ್ಲ ಗುಜರಿಗೆ ಹಾಕಿದೆವೆಂದು ಅವರ ಮಗಳು ಹೇಳಿದರು. ತಂಬೂರಿ ಮಾತ್ರ ಮೂಲೆಯಲ್ಲಿತ್ತು. ಬಹಳ ದಿನ ನುಡಿಸದ ವಾದ್ಯಕ್ಕೆ ಮಾಡುವಂತೆ ತಂತಿಗಳನ್ನು ಸಡಿಲಿಸಿಟ್ಟಿದ್ದರು. ಒಂದು ತಂತಿಯನ್ನು ಬಿಗಿ ಮಾಡದೆ ಹಾಗೆಯೇ ಮೀಟಿದೆ. ಎಲ್ಲೋ ಆಳದಲ್ಲಿ, ಅಯೋಮಿಯ ಮೂರು ಸ್ವರಸ್ಥಾನಗಳಿಗಿಂತ ಬಹಳ ಕೆಳಗೆ, ಗೊರಗೊರ ಎಂದಿತು. ಶ್ರುತಿಗೆ ತರಲು ಹೊರಟರೆ ಜೀವಾಳದ ದಾರವನ್ನು ಎಲ್ಲಿ ನಿಲ್ಲಿಸಬೇಕೆಂಬುದು ನನ್ನ ಕೈಗೆ ಸಿಗಲಿಲ್ಲ. ಅಡುಗೆಮನೆಯಿಂದ ಬಂದ ಮಗಳು ಸೆರಗಿಗೆ ಕೈ ಒರೆಸಿಕೊಂಡು, ದಾರವನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿ, "ಈಗ ನೋಡಿ" ಎಂದರು.