ದಾವಣಗೆರೆಯಲ್ಲಿ ಕೂತು ಗೆರೆ ಹುಡುಕಾಟ: ನಾಲ್ಕನೇ ವಾರ

ಹೋದ ವಾರ ಪೂರ್ತಿ ದಂಡ. ಭೂಸ್ಥಿರ ಕಕ್ಷೆಯ ಉಪಗ್ರಹದಿಂದ ಕಾಂತೀಯ ಬಲರೇಖೆ ಹಿಡಿದು ಇಳಿದರೆ 110 ಕಿ.ಮೀ. ಎತ್ತರದ ಅಯಾನುಗೋಳದಲ್ಲಿ (ವಿದ್ಯುದಾವೇಶದ ಕಣಗಳಿರುವ ಮೇಲಿನ ವಾಯುಪದರ) ಅದರ ಬುಡ ಎಲ್ಲಿ ಸಿಗುತ್ತದೆ ಅನ್ನುವುದು ನನ್ನ ಲೆಕ್ಕ. ಉತ್ತರದ ಮೇಲೆ ನಂಬಿಕೆ ಬರಲಿಲ್ಲ. ಗೆರೆಯನ್ನು ಹೆಜ್ಜೆಹೆಜ್ಜೆಯಾಗಿ ಹಿಂಬಾಲಿಸುವ ರುಂಗೆ-ಕುಟ್ಟಾ ಲೆಕ್ಕದಲ್ಲಿ ಹೆಜ್ಜೆ ದೊಡ್ಡದಾಯಿತೇನೋ ಅಂತ ಅರ್ಧ ಮಾಡಿದೆ, ಮತ್ತೆ ಅರ್ಧ. ಹಳೇ ಲ್ಯಾಪ್‌ಟಾಪು ಕಾದು ಬೆಣ್ಣೆದೋಸೆ ಹಂಚಾಯಿತೇ ಹೊರತು ಬುಡ ಒಂದು ಕಿ.ಮೀ. ಕೂಡ ಕದಲಲಿಲ್ಲ.

ಭಾನುವಾರ ಹೆಜ್ಜೆ ಬಿಟ್ಟು ಕಾಂತಕ್ಷೇತ್ರದ ಮಾದರಿಗೇ ಕೈ ಹಾಕಿದೆ. ಭೂಮಿ ಬರೀ ದ್ವಿಧ್ರುವ, ಅಂದರೆ ಎರಡು ತುದಿಯ ಸರಳ ದಂಡಕಾಂತದಂತೆ ಅಂದುಕೊಂಡರೆ ಕೆಲಸ ಹಾಳೆಯ ಮೇಲೇ ಮುಗಿಯುತ್ತದೆ: 6.6 ಭೂತ್ರಿಜ್ಯದಿಂದ ಹೊರಟ ಗೆರೆ ಸುಮಾರು 67 ಡಿಗ್ರಿ ಕಾಂತೀಯ ಅಕ್ಷಾಂಶಕ್ಕೆ ಇಳಿಯುತ್ತದೆ. ಆಮೇಲೆ ಭೂಮಿಯೊಳಗಿನ ಕ್ಷೇತ್ರಕ್ಕೆ ಐಜಿಆರ್‌ಎಫ್ ಎಂಬ ಅಂತರರಾಷ್ಟ್ರೀಯ ಮಾದರಿ, ಹೊರಗೆ ಬಾಹ್ಯಾಕಾಶದ ಪ್ರವಾಹಗಳಿಂದ ಹುಟ್ಟುವ ಕ್ಷೇತ್ರಕ್ಕೆ ವಿಜ್ಞಾನಿ ಸಿಗಾನೆಂಕೊ ಅವರ 1989ರ ಮಾದರಿ ಸೇರಿಸಿದೆ. ಈ 1989ರ ಮಾದರಿ ಕೇಳುವುದು ಕೆಪಿ ಸೂಚ್ಯಂಕವೊಂದನ್ನೇ (ಭೂಮಿಯ ಕಾಂತಕ್ಷೇತ್ರ ಎಷ್ಟು ಕದಡಿದೆ ಎಂದು 0ಯಿಂದ 9ರವರೆಗೆ ಹೇಳುವ ಅಂಕಿ), ಅದೂ 1ರಿಂದ 7ರವರೆಗಿನ ಖಾನೆಗಳಲ್ಲಿ. ಖಾನೆ ಏರಿಸಿದಂತೆ ಮಧ್ಯರಾತ್ರಿ ಕಡೆಯ ಬುಡ ಕೆಲವು ಡಿಗ್ರಿ ಸಮಭಾಜಕದತ್ತ ಜಾರಿತು. ಕಾಂತೀಯ ಬಿರುಗಾಳಿಯಲ್ಲಿ, ಅಂದರೆ ಸೌರಮಾರುತ ಈ ಕ್ಷೇತ್ರವನ್ನು ಕದಡಿದಾಗ, ಭೂಮಿಯ ಸುತ್ತ ಹರಿಯುವ ವಿದ್ಯುತ್ತಿನ ಉಂಗುರ ಪ್ರವಾಹ, ರಾತ್ರಿಯ ಕಡೆಗೆ ಚಾಚಿದ ಕಾಂತಕ್ಷೇತ್ರದ ಬಾಲದ ಪ್ರವಾಹ ಎರಡೂ ಬಲಿತು ಗೆರೆಗಳನ್ನು ಹೊರಕ್ಕೆ ಎಳೆಯುತ್ತವಲ್ಲ, ಅದಕ್ಕೆ.

ನಾನು ಆರಿಸಿಕೊಂಡ ರಾತ್ರಿ 2024ರ ಮೇ 10. ಕೆಪಿ 9, ಲಡಾಖಿನ ಹಾನ್ಲೆಯಲ್ಲೂ ಕೆಂಪು ಧ್ರುವಪ್ರಭೆ ಕ್ಯಾಮೆರಾಕ್ಕೆ ಸಿಕ್ಕ ರಾತ್ರಿ. ಈ ಮಾದರಿಯಲ್ಲೋ, ಕೆಪಿ ಆರರ ಆಸುಪಾಸಿನಿಂದ ಮೇಲಿನದೆಲ್ಲ ಏಳನೇ ಖಾನೆಗೇ ಬೀಳುತ್ತದೆ. ಸಾಧಾರಣ ಬಿರುಗಾಳಿಗೂ ಆ ಮಹಾ ಬಿರುಗಾಳಿಗೂ ಒಂದೇ ಗೆರೆ. ಕೈಪಿಡಿ ಮೊದಲೇ ಓದಿದ್ದರೆ ಒಂದು ವಾರ ಉಳಿಯುತ್ತಿತ್ತು.

ತಿರುಗಿಸಿ, ಬುಡದಿಂದ ಮೇಲಕ್ಕೆ ಗೆರೆ ಹಿಡಿದು ನೋಡಿದರೆ ಇನ್ನೂ ಕಷ್ಟ. ಆ ಅಕ್ಷಾಂಶದಲ್ಲಿ ಕೆಳಗೆ ಒಂದು ಡಿಗ್ರಿ, ಅಂದರೆ ನೂರು ಚಿಲ್ಲರೆ ಕಿ.ಮೀ. ತಪ್ಪಿದರೆ, ದ್ವಿಧ್ರುವ ಲೆಕ್ಕದಲ್ಲೇ ಮೇಲೆ ಸಮಭಾಜಕ ತಲದಲ್ಲಿ ಸುಮಾರು 3,400 ಕಿ.ಮೀ. ತಪ್ಪುತ್ತದೆ. ಕೆಳಗೆ ಬೆರಳಗಲ, ಮೇಲೆ ಹೊಲದಗಲ.

ಪರದೆ ಇಣುಕಿದ ದೊಡ್ಡಪ್ಪ ಕೇಳಿದರು: "ನಮ್ಮೂರಿನ ಗೆರೆ ಎಲ್ಲಿಗೆ ಹೋಗ್ತೈತಿ?" ಅದನ್ನೂ ಓಡಿಸಿದೆ. ಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯ ಹತ್ತಿರವೇ ಹಾಯುವುದರಿಂದ ನಮ್ಮ ಗೆರೆ ಹೆಚ್ಚುಕಡಿಮೆ ಮಲಗಿಕೊಂಡೇ ಇರುತ್ತದೆ. ದ್ವಿಧ್ರುವ ಲೆಕ್ಕದಲ್ಲಿ ಎಂಬತ್ತು ಕಿ.ಮೀ. ಚಿಲ್ಲರೆ ಏರಿ ಹಿಂದೂ ಮಹಾಸಾಗರದ ಕಡೆ ಬಾಗುತ್ತದೆ. ನನ್ನ 110 ಕಿ.ಮೀ. ಮುಟ್ಟುವುದೇ ಇಲ್ಲ. "ಹಂಗಾರೆ ಊರ ಗೆರೆ ಬಿಟ್ಟು ಯಾರ್ದೋ ಗೆರೆ ಹಿಡ್ಕಂಡು ಕುಂತೀಯ" ಅಂತ ನಕ್ಕು ಮಂಡಕ್ಕಿ ತಟ್ಟೆ ಸರಿಸಿದರು.

ಮುಂದಿನ ವಾರ ಸಿಗಾನೆಂಕೊ ಅವರದೇ 1996ರ ಮಾದರಿ. ಅದಕ್ಕೆ ಸೌರಮಾರುತದ (ಸೂರ್ಯನಿಂದ ಹರಿದುಬರುವ ಕಣಗಳ) ಒತ್ತಡವೂ, ಉಂಗುರ ಪ್ರವಾಹ ಎಷ್ಟು ಬಲಿತಿದೆ ಎಂದು ಹೇಳುವ ಡಿಎಸ್‌ಟಿ ಸೂಚ್ಯಂಕವೂ ಬೇಕು. ಮೊದಲು ಒಂದು ಶಾಂತ ರಾತ್ರಿ, ಆಮೇಲೆ ಮೇ 10. ಭೂಪಟದಲ್ಲಿ ಚುಕ್ಕೆ ಇಡುವುದನ್ನು ಬಿಟ್ಟಿದ್ದೇನೆ. ಎಲ್ಲ ಮಾದರಿಗಳ ಬುಡವೂ ಒಳಗೆ ಬರುವಷ್ಟು ದೊಡ್ಡ ಮಚ್ಚೆ ಬಳಿಯುತ್ತೇನೆ.