ಮುಟ್ಟದಿದ್ದರೂ ಮಸಿ

ಇವತ್ತು ನನ್ನ ಶೂಟಿಂಗ್ ಆಟದ ರೈಫಲ್‌ನ ಬ್ಯಾರೆಲ್, ಅಂದರೆ ನಳಿಗೆಯ, ತುದಿಗೆ ಸಿಕ್ಕಿಸುವ ಎಕ್ಸ್‌ಟೆನ್ಷನ್ ಟ್ಯೂಬ್ ಬಿಚ್ಚಿ ಒರೆಸುತ್ತಾ ಕೂತಿದ್ದೆ.

ಹೊರಗೆ ಪಳಪಳ. ಒಳಗೆ ಬೆರಳು ಹಾಕಿದರೆ ಕಪ್ಪು ಜಿಡ್ಡು.

ಇದರ ಪಾಯಿಂಟ್ ಟೂ ಟೂ (0.22 ಇಂಚು ಅಳತೆಯ) ಗುಂಡು ಅಂದರೆ ಬರೀ ಸೀಸ, ಮೇಲೊಂದು ಮೇಣದಂಥ ಲೇಪ. ಹೊಡೆದಾಗಲೆಲ್ಲ ಅಷ್ಟಿಷ್ಟು ಮೇಣ, ಮಸಿ, ಸೀಸದ ಪುಡಿ ಟ್ಯೂಬಿನಲ್ಲೇ ಉಳಿಯುತ್ತೆ. ಮಜಾ ಏನಂದ್ರೆ, ಗುಂಡು ಇದನ್ನು ಮುಟ್ಟುವುದೇ ಇಲ್ಲ. ಒಳಗಿನ ತೂತು ಅಷ್ಟು ಅಗಲ. ಗುರಿ ಹಿಡಿಯಲು ನೋಡುವ ಮುಂದಿನ ಸೈಟನ್ನು ಕಣ್ಣಿಂದ ಇನ್ನಷ್ಟು ದೂರಕ್ಕೆ ಹಿಡಿದು ನಿಲ್ಲುವುದಷ್ಟೇ ಇದರ ಕೆಲಸ.

ಆಫೀಸಲ್ಲೂ ಇಂಥವರು ಒಬ್ಬಿಬ್ಬರು ಇರುತ್ತಾರೆ, ಅಲ್ವಾ? ಏನೂ ಮಾಡಿರಲ್ಲ, ಮಸಿ ಮಾತ್ರ ಅವರಿಗೇ.

ಬ್ಯಾರೆಲ್‌ಗೆ ಮಾತ್ರ ಬೇರೆ ಮರ್ಯಾದೆ. ಹಿಂಬದಿ ಮುಚ್ಚುವ ಬೋಲ್ಟ್ ತೆಗೆದು, ಒರೆಸುವ ರಾಡನ್ನು ಹಿಂದಿನಿಂದಲೇ ತೂರಿಸಬೇಕು. ಗುಂಡು ಹೊರಬೀಳುವ ಬಾಯಿಯ ಅಂಚು ಒಂಚೂರು ಸವೆದರೂ ಗುಂಡು ದಾರಿ ಬಿಡುತ್ತೆ. 50 ಮೀಟರ್ ದೂರದ ಗುರಿಯಲ್ಲಿ ಹತ್ತು ಪಾಯಿಂಟಿನ ವೃತ್ತದ ಅಗಲ ಬರೀ 10.4 ಮಿಲಿಮೀಟರ್. ಒಂದು ಕಾಬೂಲಿ ಕಡಲೆಯಷ್ಟು!

ಅಂದಹಾಗೆ, ಅಪ್ಪನ ಹಳೇ ಬನಿಯನ್‌ಗಳೆಲ್ಲ ಈಗ ಚೌಕ ಚೌಕ ತುಂಡು. ಅಂಗಡಿಯ ಪ್ಯಾಚ್‌ಗಿಂತ ಅವೇ ಚೆನ್ನಾಗಿ ಒರೆಸುತ್ತವೆ. ಕೈಯಲ್ಲಿ ಸೀಸ ಇದೆ, ಸೋಪು ಹಾಕಿ ತೊಳೆಯದೆ ತಿಂಡಿ ತಟ್ಟೆ ಮುಟ್ಟಬೇಡ ಅಂತ ಅಮ್ಮನ ಆರ್ಡರ್ ಬೇರೆ.